ನೀರಿಲ್ಲದ ವರ್ಷದ ದ್ವೀಪ: ಶರಾವತಿ ಹಿನ್ನೀರಿನ ಒಂದು ಪ್ರವಾಸದ ಪ್ರಕರಣ ಅಧ್ಯಯನ

2024ರ ಏಪ್ರಿಲ್ ಕೊನೆಯ ಶನಿವಾರ, ಬೆಳಗಿನ ಆರೂವರೆಗೆ, ಎಂಟು ಮಂದಿಯನ್ನು ಶರಾವತಿ ಹಿನ್ನೀರಿನ ದಡಕ್ಕೆ ಕರೆತಂದು ನಿಲ್ಲಿಸಿದೆ. ದೋಣಿಯಲ್ಲಿ ಒಂದು ದ್ವೀಪದ ಸುತ್ತ ಹೋಗಿ, ಇಳಿದು ಅದರ ನೆತ್ತಿ ಹತ್ತಿ, ಊಟದ ಹೊತ್ತಿಗೆ ಮರಳುವುದು ಅಂದಿನ ಕಾರ್ಯಕ್ರಮವಾಗಿತ್ತು. ಗುಡ್ಡ ಎದುರಿಗೇ ಇತ್ತು, ಅದರ ಮೇಲಿನ ಕಾಡೂ ಇತ್ತು. ಸುತ್ತ ಇರಬೇಕಾಗಿದ್ದ ನೀರು ಮಾತ್ರ ಇರಲಿಲ್ಲ. ನಾವು ನಿಂತ ಜಾಗದಿಂದ ಗುಡ್ಡದ ಬುಡದವರೆಗೆ ಬಿರುಕು ಬಿಟ್ಟ ಕೆಂಪು ಮಣ್ಣು, ಅಲ್ಲಲ್ಲಿ ಮರದ ಬೊಡ್ಡೆಗಳು, ನಡುವೆ ಒಂದು ಸಣ್ಣ ಹಳ್ಳ. ಅಂಬಿಗ ತನ್ನ ದೋಣಿಯನ್ನು ದೂರದ ಮಡುವಿನಲ್ಲಿ ಕಟ್ಟಿ ನಮಗಾಗಿ ಕಾಯುತ್ತಿದ್ದ.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸುತ್ತಮುತ್ತ ಇಂಥ ಪ್ರವಾಸಗಳನ್ನು ನಾನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಒಂದು ಗುಂಪಿಗೆ ಎಂಟು ಮಂದಿ, ಜೊತೆಗೆ ನಾನು ಮತ್ತು ಅಂಬಿಗ. ಆ ದಿನ ನಡೆದದ್ದನ್ನು ಬರೆದಿಡಬೇಕೆಂದು ಅಂದು ಸಂಜೆಯೇ ಅನ್ನಿಸಿತ್ತು. ಇದೇ ಕೆಲಸ ಮಾಡುವ ಇತರರಿಗೂ, ಈ ಹಿನ್ನೀರನ್ನು ನೋಡಲು ಬರುವವರಿಗೂ ಇದರಿಂದ ಏನಾದರೂ ಸಿಗಬಹುದು ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ. ಆ ಗುಡ್ಡ ಎಲ್ಲಿದೆ, ಯಾವ ಊರಿನ ಎದುರಿಗಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಹಿನ್ನೆಲೆ

ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಇಲ್ಲಿ ನಿಲ್ಲುವ ನೀರು ತಳಕಳಲೆಯ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟ ಇಳಿದು, 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಮಳೆಗಾಲದಲ್ಲಿ ತುಂಬಿದ ನೀರನ್ನು ಮುಂದಿನ ಮಳೆಯವರೆಗೆ ವಿದ್ಯುತ್ತಿಗಾಗಿ ಖರ್ಚು ಮಾಡುತ್ತಾ ಹೋಗುತ್ತಾರೆ. ಹಾಗಾಗಿ ಹಿನ್ನೀರಿನ ದಡ ಒಂದು ಕಡೆ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ಕಾಡಿನ ಅಂಚಿಗೆ ತಾಗಿದ್ದ ನೀರು ಮೇ ತಿಂಗಳಲ್ಲಿ ಎಷ್ಟೋ ದೂರ ಸರಿದಿರುತ್ತದೆ. ಕಡಿದಾದ ಜಾಗದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಗದ್ದೆಯಾಗಿದ್ದ ಬಯಲಿನಲ್ಲಿ ಮಟ್ಟ ಒಂದಡಿ ಇಳಿದರೂ ದಡ ಬಹುದೂರ ಹಿಂದಕ್ಕೆ ಹೋಗುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು. ಅಣೆಕಟ್ಟು ತುಂಬಲಿಲ್ಲ. ತುಂಬದ ಅಣೆಕಟ್ಟಿನ ನೀರನ್ನೇ ಬೇಸಿಗೆಯವರೆಗೆ ಬಳಸಿದ್ದರಿಂದ 2024ರ ಏಪ್ರಿಲಿನಲ್ಲಿ ನಾನು ಹಿಂದೆಂದೂ ಕಾಣದಷ್ಟು ನೆಲ ಹೊರಬಿದ್ದಿತ್ತು. ನೀರು ಹೀಗೆ ಇಳಿದಾಗಲೆಲ್ಲ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಕಾಣಿಸುತ್ತದೆ, ಜನ ನೋಡಲು ಹೋಗುತ್ತಾರೆ. ಜೋಗದ ಮೊದಲ ವಿದ್ಯುದಾಗಾರಕ್ಕೆಂದು ಕಟ್ಟಿ 1948ರಲ್ಲಿ ಮುಗಿಸಿದ ಆ ಅಣೆಕಟ್ಟು, ಹದಿನಾರು ವರ್ಷಕ್ಕೆ ತನಗಿಂತ ದೊಡ್ಡ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಣೆಕಟ್ಟೇ ಮುಳುಗಿದ ಮೇಲೆ ಊರುಗಳ ಪಾಡೇನು? ಕಣಿವೆಯ ಗದ್ದೆ, ತೋಟ, ಕೇರಿ, ದೇವರ ಬನ ಎಲ್ಲವೂ ನೀರಿಗೆ ಹೋದವು. ಎತ್ತರದ ಗುಡ್ಡಗಳ ತಲೆ ಮಾತ್ರ ಮೇಲೆ ಉಳಿದವು. ನಾವು ಇಂದು ದ್ವೀಪ ಎನ್ನುವುದು ಅವನ್ನೇ.

ಇದೆಲ್ಲ ನನಗೆ ಗೊತ್ತಿತ್ತು. ಗುಂಪಿನವರಿಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಲೂ ಇದ್ದೆ. ಆದರೆ ಪ್ರವಾಸದ ಪ್ರಕಟಣೆಯಲ್ಲಿ ಆ ಗುಡ್ಡಕ್ಕೆ ನಾನು ಇಟ್ಟಿದ್ದ ಹೆಸರು ‘ಮೌನ ದ್ವೀಪ’. ಕೆಳಗೆ ಒಂದು ಸಾಲು: ಮನುಷ್ಯರ ಕೈ ಸೋಕದ ಕಾಡು.

ಗುಂಪು

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹಿಂದಿನ ದಿನವೇ ಸಾಗರ ಜಂಬಗಾರು ನಿಲ್ದಾಣಕ್ಕೆ ಬಂದಿಳಿದ ನಾಲ್ವರು ಗೆಳೆಯರು. ದಾವಣಗೆರೆಯ ಗಂಡ ಹೆಂಡತಿ. ಶಿವಮೊಗ್ಗದ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ, ಅವಳ ಜೊತೆ ಅವಳ ಅಜ್ಜಿ. ಹುಡುಗಿ ಹೆಸರು ನೋಂದಾಯಿಸುವಾಗ ಹೀಗೆ ಬರೆದಿದ್ದಳು: “ಅಜ್ಜಿಗೆ ಎಪ್ಪತ್ತೆರಡು ವರ್ಷ, ಮಂಡಿನೋವಿದೆ, ಗುಡ್ಡ ಹತ್ತುವುದಿಲ್ಲ, ದೋಣಿಯಲ್ಲಿ ಕುಳಿತುಕೊಳ್ಳುತ್ತಾರೆ.” ಅಜ್ಜಿ ಎಲ್ಲಿಯವರು, ಯಾಕೆ ಬರುತ್ತಿದ್ದಾರೆ ಎಂದು ನಾನು ಕೇಳಿರಲಿಲ್ಲ. ನನ್ನ ಅರ್ಜಿಯಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ. ರಕ್ತದೊತ್ತಡ, ಮಧುಮೇಹ, ಈಜು ಬರುತ್ತದೆಯೇ, ಊಟದಲ್ಲಿ ಏನು ಬೇಡ ಎಂದಷ್ಟೇ ಇತ್ತು.

ದಡದಲ್ಲಿ ಏನಾಯಿತು

ಮೊದಲು ಕೋಪ ಬಂದದ್ದು ದಾವಣಗೆರೆಯ ಯಜಮಾನರಿಗೆ. “ನೀರಿಲ್ಲ ಎಂದು ನಿಮಗೆ ಮೊದಲೇ ಗೊತ್ತಿರಲಿಲ್ಲವೇ?” ಎಂದರು. ಅವರು ಕೇಳಿದ್ದು ಸರಿಯೇ. ನಾನು ಆ ದಡಕ್ಕೆ ಹೋಗಿ ಹತ್ತು ದಿನವಾಗಿತ್ತು. ಆಗ ಗುಡ್ಡದ ಸುತ್ತ ದೋಣಿ ತೇಲುವಷ್ಟು ನೀರಿತ್ತು. ಹಿಂದಿನ ಸಂಜೆ ಅಂಬಿಗ ಫೋನ್ ಮಾಡಿ ನೀರು ಸಾಲದು ಎಂದಾಗ, ಸಂಬಂಧಪಟ್ಟವರಲ್ಲಿ ಕೇಳಿ ಒಣಗಿದ ನೆಲದಲ್ಲಿ ನಡೆಯಲು ಒಪ್ಪಿಗೆ ಪಡೆದೆನೇ ಹೊರತು ಗುಂಪಿಗೆ ತಿಳಿಸಲಿಲ್ಲ. ಬೆಳಿಗ್ಗೆ ನೋಡಿ ಹೇಳಿದರಾಯಿತು ಎಂದುಕೊಂಡೆ. ಎಲ್ಲರಿಗೂ ರಾತ್ರಿಯೇ ತಿಳಿಸಬೇಕಿತ್ತು. ಬರುವುದೋ ಬಿಡುವುದೋ ಅವರೇ ನಿರ್ಧರಿಸಬೇಕಿತ್ತು. ದಡದಲ್ಲಿಯೇ ಕ್ಷಮೆ ಕೇಳಿ, ದೋಣಿಯ ಪಾಲಿನ ಹಣವನ್ನು ಸಂಜೆಯೊಳಗೆ ಎಲ್ಲರಿಗೂ ಹಿಂದಿರುಗಿಸುವುದಾಗಿ ಹೇಳಿದೆ. ಹಾಗೆಯೇ ಮಾಡಿದೆ. ಯಜಮಾನರು ಕೊನೆಗೆ ನಮ್ಮೊಂದಿಗೆ ಬಂದರು, ಆದರೆ ಆ ದಿನ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ.

ಈ ಮಾತುಕತೆ ನಡೆಯುತ್ತಿದ್ದಾಗ ಅಜ್ಜಿ ನಮ್ಮಿಂದ ಮುಂದೆ ಹೋಗಿ ನಿಂತಿದ್ದರು. ಮೊಮ್ಮಗಳು ಕರೆದರೂ ತಿರುಗಲಿಲ್ಲ. ನಾನು ಹತ್ತಿರ ಹೋದೆ. ಅವರು ಗುಡ್ಡವನ್ನೂ ಅದರ ಎಡಕ್ಕಿದ್ದ ಕಣಿವೆಯ ಕುಳಿಯನ್ನೂ ಬೆರಳಿನಿಂದ ಅಳೆಯುವವರಂತೆ ನೋಡುತ್ತಿದ್ದರು. ಆಮೇಲೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

“ಇದು ದ್ವೀಪವಲ್ಲ,” ಎಂದರು. “ಇದು ನಮ್ಮ ಸೊಪ್ಪಿನಬೆಟ್ಟ.” ತೋಟಕ್ಕೆ ಸೊಪ್ಪು ಕಡಿದು ತರುತ್ತಿದ್ದ ಆ ಬೆಟ್ಟದ ಹೆಸರನ್ನೂ ಹೇಳಿದರು. ನಾನು ಅಷ್ಟು ವರ್ಷ ಸುತ್ತಿದ್ದ ಆ ಗುಡ್ಡಕ್ಕೆ ಒಂದು ಹೆಸರಿತ್ತು ಎಂಬುದನ್ನು ಆಗ ಮೊದಲ ಬಾರಿ ಕೇಳಿದೆ.

ಮುಳುಗಡೆಯಾದಾಗ ಅವರಿಗೆ ಹನ್ನೆರಡು ವರ್ಷ. ಲಾರಿಯಲ್ಲಿ ಸಾಮಾನು, ದನಕರು, ಅಡಿಕೆ ಹಾಳೆಯ ಕಟ್ಟು ಎಲ್ಲವನ್ನೂ ತುಂಬಿಕೊಂಡು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನ ಒಂದು ಜಾಗಕ್ಕೆ ಹೋದವರು ಆಮೇಲೆ ಇತ್ತ ಬಂದಿರಲಿಲ್ಲ. ಬಂದು ನೋಡುವುದೇನು, ನೀರನ್ನೇ, ಎಂದು ಮನೆಯ ಹಿರಿಯರು ಹೇಳುತ್ತಿದ್ದರಂತೆ. ಮೊಮ್ಮಗಳು ಮೊಬೈಲಿನಲ್ಲಿ ನಮ್ಮ ಪ್ರಕಟಣೆಯನ್ನು ಗಟ್ಟಿಯಾಗಿ ಓದಿ, ಚಿತ್ರ ತೋರಿಸಿದಾಗ ಆ ಗುಡ್ಡದ ಬೆನ್ನಿನ ಬಾಗು ಅವರಿಗೆ ಗುರುತು ಸಿಕ್ಕಿತ್ತು. ಖಚಿತವಿರಲಿಲ್ಲ. ಅದಕ್ಕೇ ಯಾರಿಗೂ ಹೇಳದೆ ಹೊರಟು ಬಂದಿದ್ದರು.

ನಿರ್ಧಾರ

ಆಗ ನನ್ನ ಎದುರಿಗಿದ್ದ ಪ್ರಶ್ನೆಗಳು ತೀರಾ ಸಾಮಾನ್ಯವಾದವು. ಒಣಗಿದ ಹಿನ್ನೀರಿನ ನೆಲದಲ್ಲಿ ದೊಡ್ಡ ಅಪಾಯವೆಂದರೆ ಹುದಲು. ಮೇಲೆ ಬಿಸಿಲಿಗೆ ಒಣಗಿ ಹಪ್ಪಳದಂತೆ ಎದ್ದ ಪದರ, ಕೆಳಗೆ ಮೊಣಕಾಲಿನ ಆಳಕ್ಕೆ, ಕೆಲವು ಕಡೆ ಸೊಂಟದ ಆಳಕ್ಕೆ ಹೂಳು. ಹಸು ಸಿಕ್ಕಿಕೊಂಡು ಸತ್ತದ್ದನ್ನು ಕಂಡಿದ್ದೇನೆ. ದನ ಓಡಾಡಿದ ಹೆಜ್ಜೆಯ ಜಾಡನ್ನು ಬಿಟ್ಟು ಹೊರಗೆ ಕಾಲಿಡಬಾರದು, ಮುಂದಿನವರು ಗಳದಿಂದ ನೆಲ ಕುಟ್ಟಿ ನೋಡುತ್ತಾ ಹೋಗಬೇಕು, ಸಾಲು ಬಿಡಬಾರದು. ಎರಡನೆಯದು ಬಿಸಿಲು. ಹತ್ತು ಗಂಟೆಯ ನಂತರ ಆ ಬಯಲಿನಲ್ಲಿ ನೆರಳೆಂಬುದಿಲ್ಲ. ಮೂರನೆಯದು ನನ್ನದೇ ನಿಯಮ: ಗುಂಪನ್ನು ಒಡೆಯಬಾರದು.

ತಮ್ಮ ಹಳೆಯ ಕೇರಿ ಇದ್ದಲ್ಲಿಗೆ ಹೋಗಬೇಕೆಂದರು ಅಜ್ಜಿ. ಆ ಜಾಗ ಗುಡ್ಡಕ್ಕೆ ಹೋಗುವ ದಾರಿಯಿಂದ ಬಲಕ್ಕೆ ಇತ್ತು. ಎಂಟೂ ಮಂದಿಯನ್ನು ಕೂಡಿಸಿ ವಿಷಯ ಹೇಳಿದೆ. ಒಬ್ಬರ ಸ್ವಂತ ವಿಷಯವನ್ನು ಎಲ್ಲರೆದುರು ಇಡುವುದು ಸರಿಯೇ ಎಂದು ಅಳುಕಿತ್ತು, ಹಾಗಾಗಿ ಮೊದಲು ಅಜ್ಜಿಯನ್ನೇ ಕೇಳಿದೆ. “ಮುಚ್ಚಿಡಲು ಇದರಲ್ಲಿ ಏನಿದೆ? ಬರಲಿ, ನೋಡಲಿ,” ಎಂದರು. ಬೆಂಗಳೂರಿನ ಹುಡುಗರಲ್ಲಿ ಒಬ್ಬ ತಕ್ಷಣ, “ಮೊದಲು ಅಲ್ಲಿಗೇ ಹೋಗೋಣ,” ಎಂದ. ಉಳಿದವರು ತಲೆಯಾಡಿಸಿದರು. ಹೀಗೆ ನಾನು ರೂಪಿಸಿದ್ದ ದಾರಿಯನ್ನು ಬಿಟ್ಟು ಅಜ್ಜಿಯ ದಾರಿ ಹಿಡಿದೆವು. ಮುಂದೆ ಅಂಬಿಗ ಗಳ ಹಿಡಿದು, ಅವನ ಹಿಂದೆ ಅಜ್ಜಿ, ಕೊನೆಯಲ್ಲಿ ನಾನು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಗುಂಪು ಇಪ್ಪತ್ತೈದು ಮಂದಿಯದಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಇಪ್ಪತ್ತೈದು ಮಂದಿ ಎಂದರೆ ಗಂಟೆಯ ಲೆಕ್ಕ, ತಿಂಡಿಯ ಲೆಕ್ಕ, ಮುಂದಿನ ಜಾಗಕ್ಕೆ ಬಸ್ಸಿನ ಲೆಕ್ಕ. ಒಬ್ಬರಿಗಾಗಿ ದಾರಿ ತಪ್ಪಿಸಿದರೆ ಹತ್ತು ಮಂದಿ ಗೊಣಗುತ್ತಾರೆ. ಸಣ್ಣ ಗುಂಪು ಎಂದರೆ ಬರುವವರಿಗೆ ಆರಾಮ, ಅದಕ್ಕೆ ಹೆಚ್ಚು ಹಣ ಎಂದೇ ನಾವೆಲ್ಲ ವ್ಯಾಪಾರ ಮಾಡುತ್ತೇವೆ. ಎಂಟು ಮಂದಿಯಾದರೆ ಒಬ್ಬರ ಮಾತು ಎಲ್ಲರ ಕಿವಿಗೆ ಬೀಳುತ್ತದೆ, ಅದು ಸಣ್ಣ ಗುಂಪಿನ ನಿಜವಾದ ಬೆಲೆ.

ದಣಪೆ

ದಾರಿಯಲ್ಲಿ ಟಿಟ್ಟಿಭವೊಂದು ತಲೆಯ ಮೇಲೆ ಕೂಗುತ್ತಾ ಸುತ್ತತೊಡಗಿತು. ಬರಿ ನೆಲದ ಮೇಲೆ, ನಾಲ್ಕು ಹರಳುಕಲ್ಲುಗಳ ನಡುವೆ, ಚೂಪು ತುದಿ ಒಳಮುಖವಾಗಿ ಜೋಡಿಸಿಟ್ಟ ನಾಲ್ಕು ಮೊಟ್ಟೆಗಳನ್ನು ಅಂಬಿಗ ಕಂಡು ಕೈ ಎತ್ತಿ ನಿಲ್ಲಿಸಿದ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ನಿಂತು ನೋಡಲು ಬಿಡದೆ ದೂರದಿಂದ ಸುತ್ತಿಹಾಕಿ ಮುಂದೆ ನಡೆಸಿದೆ. ಬಿಸಿಲೇರಿದ ಮೇಲೆ ತಾಯಿಹಕ್ಕಿ ಹೆಚ್ಚು ಹೊತ್ತು ದೂರ ಉಳಿದರೆ ಆ ಮೊಟ್ಟೆಗಳು ಕೆಡಬಹುದು.

ಹಳೆಯ ಗದ್ದೆಯ ಏರಿಗಳು ಮಣ್ಣಿನಲ್ಲಿ ಗೆರೆಗಳಂತೆ ಕಾಣುತ್ತಿದ್ದವು. ಅಜ್ಜಿ ಏರಿಯ ಮೇಲೆಯೇ ನಡೆದರು. ಗದ್ದೆಯೊಳಗೆ ಇಳಿಯಲಿಲ್ಲ. ಅರುವತ್ತು ವರ್ಷ ನೀರಿನಡಿ ಇದ್ದ ಗದ್ದೆ. ಏರಿ ಮುಗಿದಲ್ಲಿ ಎರಡು ಕಲ್ಲುಕಂಬಗಳು ನೆಟ್ಟಗೆ ನಿಂತಿದ್ದವು.

ಮಲೆನಾಡಿನವರಿಗೆ ದಣಪೆ ಎಂದರೆ ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಎದುರುಬದುರಾಗಿ ನೆಟ್ಟ ಎರಡು ಕಂಬ, ಎರಡರಲ್ಲೂ ಸಮ ಎತ್ತರಕ್ಕೆ ತೂತುಗಳು, ತೂತುಗಳಲ್ಲಿ ಅಡ್ಡ ತೂರಿಸಿದ ಗಳುಗಳು. ದನ ಒಳಗೆ ನುಗ್ಗದಂತೆ ತಡೆಯುವ, ಮನುಷ್ಯರು ಸರಿಸಿಕೊಂಡು ದಾಟುವ ಬಾಗಿಲು. ಗಳುಗಳು ಕೊಳೆತು ಹೋಗಿ ಎಷ್ಟು ಕಾಲವಾಯಿತೋ. ಎಡಗಡೆಯ ಕಲ್ಲು ನನ್ನ ಎದೆಯೆತ್ತರ ಇತ್ತು, ಮೂರು ತೂತು. ಬಲಗಡೆಯದರ ತಲೆ ಮುರಿದು ಒಂದೇ ತೂತು ಉಳಿದಿತ್ತು. ಅಜ್ಜಿ ಎಡಗಲ್ಲಿನ ನಡುವಿನ ತೂತಿಗೆ ಕೈ ತೂರಿಸಿ, ಒಳಗಿದ್ದ ಒಣಮಣ್ಣನ್ನು ಬೆರಳಿನಿಂದ ಕೆರೆದು ಕೆರೆದು ತೆಗೆದರು. ಒಂದು ಬದಿಯ ಅಂಚನ್ನು ಮೊಮ್ಮಗಳಿಗೆ ಮುಟ್ಟಿಸಿದರು. ಕಲ್ಲು ಅಲ್ಲಿ ನುಣ್ಣಗಾಗಿತ್ತು. ದಿನಕ್ಕೆ ಹತ್ತು ಸಲ ಗಳ ಸರಿಸಿ, ಮತ್ತೆ ತೂರಿಸಿ, ಎಷ್ಟು ತಲೆಮಾರು ಉಜ್ಜಿದ ನುಣುಪೋ ಅದು.

“ಕೇರಿಯ ದಣಪೆ. ಸಂಜೆ ಇದನ್ನು ಹಾಕುವುದು ನನ್ನ ಕೆಲಸವಾಗಿತ್ತು. ಮರೆತರೆ ಪೆಟ್ಟು ಬೀಳುತ್ತಿತ್ತು,” ಎಂದರು.

ಆಮೇಲೆ ಅವರು ಮಾತನಾಡುತ್ತಾ ಹೋದರು, ನಾವು ಹಿಂಬಾಲಿಸುತ್ತಾ ಹೋದೆವು. ಜಂಬಿಟ್ಟಿಗೆ ಕಲ್ಲು ಕಟ್ಟಿದ ಬಾವಿಯ ಬಾಯಿ, ಮುಕ್ಕಾಲು ಹೂಳು. ಕವುಚಿ ಬಿದ್ದ ಒರಳು. ಅವರದು ಮಲೆನಾಡಿನ ರೈತ ಸಮುದಾಯವಾದ ದೀವರ ಮನೆತನ. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಮೊದಲು ತಾಯಿ, ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದದ್ದು, ಮುಳುಗಡೆಯ ವರ್ಷವೂ ಬರೆದದ್ದು, ಬೆಳಗಿನ ಜಾವ ಬುಟ್ಟಿ ಹೊತ್ತು ಈ ಗದ್ದೆಗೇ ಬಂದು ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಿದ್ದು. “ಮುಂದಿನ ವರ್ಷ ಇಲ್ಲಿ ಗದ್ದೆ ಇರುವುದಿಲ್ಲ ಎಂದು ಗೊತ್ತಿತ್ತು. ಆದರೂ ಭೂಮಿತಾಯಿಗೆ ಬಯಕೆ ಹಾಕದೆ ಇರುವುದು ಹೇಗೆ?” ಹಳ್ಳದ ಅಂಚಿನ ಅಪ್ಪೆಮಿಡಿಯ ಮರವನ್ನು ಕಡಿದ ದಿನ ಅಪ್ಪ ಊಟ ಮಾಡಿರಲಿಲ್ಲವಂತೆ. ಆ ಮರದ ಕೊನೆಯ ಮಿಡಿಯನ್ನು ಉಪ್ಪಿಗೆ ಹಾಕಿದ ಭರಣಿ ಲಾರಿಯಲ್ಲಿ ಹೊಸ ಜಾಗಕ್ಕೆ ಹೋಯಿತು. “ಮೂರು ವರ್ಷ ತಿಂದೆವು. ಅದು ಮುಗಿದ ದಿನ ಅಮ್ಮ ಅತ್ತಳು. ಮನೆ ಬಿಡುವಾಗ ಅತ್ತಿರಲಿಲ್ಲ.”

ಬೆಂಗಳೂರಿನ ಹುಡುಗರಲ್ಲಿ ಒಬ್ಬನಿಗೆ ಮಣ್ಣಿನಲ್ಲಿ ಒಂದು ಮಂಗಳೂರು ಹೆಂಚಿನ ತುಂಡು ಸಿಕ್ಕಿತು. ಅಕ್ಷರಗಳ ಅಚ್ಚು ಇನ್ನೂ ಇತ್ತು. ಒರೆಸಿ ಚೀಲಕ್ಕೆ ಹಾಕಿಕೊಂಡ. ನಾನು ತಡೆಯುವ ಮೊದಲೇ ಅಜ್ಜಿ ನೋಡಿದರು.

“ಒಯ್ಯಬೇಡ ಎನ್ನುವುದಿಲ್ಲ. ಯಾರ ಮನೆಯದು ಎಂದಾದರೂ ಕೇಳಿಕೊಂಡು ಒಯ್ಯಿ,” ಎಂದರು. ಅವನು ಕೇಳಿದ. “ಒಡೆಯರ ಮನೆಯದು. ಹೆಂಚು ಇದ್ದದ್ದು ಅವರ ಮನೆಗೆ ಮಾತ್ರ. ನಮ್ಮದೆಲ್ಲ ಹುಲ್ಲಿನ ಮನೆ. ಅದಕ್ಕೇ ನಮ್ಮ ಮನೆಯದು ಇಲ್ಲಿ ಏನೂ ಸಿಗುವುದಿಲ್ಲ.”

ಹುಡುಗ ಹೆಂಚನ್ನು ಎಲ್ಲಿಂದ ಎತ್ತಿದ್ದನೋ ಅಲ್ಲಿಯೇ, ಅದೇ ಮಗ್ಗುಲಾಗಿ ಇಟ್ಟ.

ಆ ಒಂದು ಮಾತಿನಲ್ಲಿ ಒಂದು ಇಡೀ ಕಾಲವೇ ಅಡಗಿದೆ. ಗೇಣಿದಾರರು ತಮ್ಮ ಹಕ್ಕಿಗಾಗಿ ಎದ್ದು ನಿಂತ ಕಾಗೋಡು ಸತ್ಯಾಗ್ರಹ ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ನಡೆಯಿತು. ಉಳುವವನಿಗೆ ಭೂಮಿಯನ್ನು ಕೊಟ್ಟ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಮುಳುಗಡೆ ಇವೆರಡರ ನಡುವೆ, 1964ರಲ್ಲಿ. ಇನ್ನು ಹತ್ತು ವರ್ಷ ಉಳಿದಿದ್ದರೆ ತಮ್ಮದೇ ಆಗಬಹುದಾಗಿದ್ದ ಗದ್ದೆಯನ್ನು ಈ ಕೇರಿಯವರು ಗೇಣಿಯ ಗದ್ದೆಯಾಗಿಯೇ ಬಿಟ್ಟು ಹೋದರು. ಹೋದ ಕಡೆ ಸಿಕ್ಕ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಗೋಳು ಶಿವಮೊಗ್ಗ ಜಿಲ್ಲೆಯಲ್ಲಿ ಇಂದಿಗೂ ಮುಗಿದಿಲ್ಲ. ಅಜ್ಜಿಯ ಮಗ ಆ ಪತ್ರಕ್ಕಾಗಿ ಈಗಲೂ ಕಚೇರಿ ಅಲೆಯುತ್ತಿದ್ದಾನೆ.

ಗುಡ್ಡದ ಮೇಲೆ

ಒಂಬತ್ತೂವರೆಯ ಹೊತ್ತಿಗೆ ನಾನು ನನ್ನ ನಿಯಮ ಮುರಿದೆ. ಅಜ್ಜಿಗೆ ಇನ್ನೂ ಹೊತ್ತು ಬೇಕಿತ್ತು. ಉಳಿದವರಿಗೆ ಗುಡ್ಡ ಹತ್ತುವ ಆಸೆ ಇತ್ತು, ಬಿಸಿಲು ಏರುತ್ತಿತ್ತು. ಬಾವಿಯ ಪಕ್ಕದ ದೊಡ್ಡ ಬೊಡ್ಡೆಗೆ ನಾವು ತಂದಿದ್ದ ಪಂಚೆಯನ್ನು ನೆರಳಾಗಿ ಕಟ್ಟಿ, ನೀರು, ಉಪ್ಪು ಹಾಕಿದ ಮಜ್ಜಿಗೆ ಇಟ್ಟು, ಅಜ್ಜಿ, ಮೊಮ್ಮಗಳು, ಅಂಬಿಗ ಮೂವರನ್ನು ಅಲ್ಲಿ ಬಿಟ್ಟು ಆರು ಮಂದಿಯೊಂದಿಗೆ ಹೊರಟೆ. ಅಂಬಿಗ ಇಲ್ಲದೆ ಹುದಲಿನಲ್ಲಿ ನಡೆಸಿದ್ದು ನನ್ನ ಲೆಕ್ಕದಲ್ಲಿ ಆ ದಿನದ ಎರಡನೆಯ ತಪ್ಪು. ಅಪಾಯವೇನೂ ಆಗಲಿಲ್ಲ, ಆದರೆ ಆಗಲಿಲ್ಲ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಈಗ ಅಂಥ ನಡಿಗೆಗೆ ಮೂರನೆಯ ಸಹಾಯಕ ಒಬ್ಬ ಇರುತ್ತಾನೆ.

ಹೊರಡುವಾಗ ಅಜ್ಜಿ ಒಂದು ಮಾತು ಹೇಳಿದ್ದರು: “ನಮ್ಮ ಕಾಲದಲ್ಲಿ ಅಲ್ಲಿ ಇಷ್ಟು ದೊಡ್ಡ ಮರಗಳಿರಲಿಲ್ಲ. ವರ್ಷವೂ ಸೊಪ್ಪು ಕಡಿಯುತ್ತಿದ್ದೆವು. ಮರಗಳೆಲ್ಲ ಮೋಟು.” ತೋಟದ ಅಡಿಕೆ ಮರದ ಬುಡಕ್ಕೆ ಹಸಿಸೊಪ್ಪು, ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ. ಸೊಪ್ಪಿನಬೆಟ್ಟ ಇರುವುದೇ ಅದಕ್ಕಾಗಿ.

ನೀರು ಪೂರ್ತಿ ತುಂಬಿದಾಗ ನಿಲ್ಲುವ ಗೆರೆಯವರೆಗೆ ಗುಡ್ಡದ ಬದಿ ಬೋಳು ಕೆಂಪುಪಟ್ಟಿ. ಅಲೆಗಳು ಮಣ್ಣನ್ನು ಕೊರೆದು ಬೇರುಗಳನ್ನು ಹೊರಗೆ ತೂಗಿಬಿಟ್ಟಿವೆ. ಅದನ್ನು ದಾಟಿದರೆ ಕಾಡು, ನೆರಳು. ಮತ್ತಿ, ಹೊನ್ನೆ, ನಂದಿ, ನೇರಳೆ. ಎಷ್ಟೋ ಸಲ ಹತ್ತಿದ ದಾರಿ. ಆ ದಿನ ಒಂದು ದೊಡ್ಡ ಮತ್ತಿಯ ಕೆಳಗೆ ನಿಂತು ಮೇಲೆ ನೋಡಿದೆ. ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ಕಾಂಡ ಮುಷ್ಟಿ ಕಟ್ಟಿದಂತೆ ಗಂಟುಗಂಟಾಗಿ ಊದಿಕೊಂಡಿತ್ತು. ಆ ಗಂಟಿನಿಂದ ನಾಲ್ಕು ಕೊಂಬೆಗಳು, ಒಂದೊಂದೂ ಒಂದು ಮರದಷ್ಟು ದಪ್ಪ, ನೆಟ್ಟಗೆ ಆಕಾಶಕ್ಕೆ ಏರಿದ್ದವು. ಪಕ್ಕದ ಮರದಲ್ಲೂ ಅದೇ ಎತ್ತರಕ್ಕೆ ಗಂಟು. ಅದರ ಪಕ್ಕದ್ದರಲ್ಲೂ. ಒಬ್ಬ ಮನುಷ್ಯ ಮರ ಹತ್ತಿ, ನಿಂತು, ಕತ್ತಿ ಬೀಸಿದರೆ ಎಟುಕುವ ಎತ್ತರ. ವರ್ಷ ವರ್ಷವೂ ಅದೇ ಜಾಗದಲ್ಲಿ ಕಡಿಸಿಕೊಂಡು, 1964ರ ನಂತರ ಕಡಿಯುವವರಿಲ್ಲದೆ ತಮ್ಮಷ್ಟಕ್ಕೆ ಬೆಳೆದ ಮರಗಳು.

ಮನುಷ್ಯರ ಕೈ ಸೋಕದ ಕಾಡು ಎಂದು ನಾನು ಬರೆದಿದ್ದೆ. ಪ್ರತಿ ಹಳೆಯ ಮರದ ಮೇಲೂ ಕೈಯ ಗುರುತು ಇತ್ತು. ಕೆಳಗೆ ಕುಳಿತಿದ್ದ ಅಜ್ಜಿಗೆ ಆ ಕಾಡಿಗಿಂತ ವಯಸ್ಸು ಹೆಚ್ಚು.

ಇದನ್ನು ಅಲ್ಲಿಯೇ ಆರು ಮಂದಿಗೂ ತೋರಿಸಿದೆ. ದಾವಣಗೆರೆಯ ಯಜಮಾನರು ಮೂರು ನಾಲ್ಕು ಮರಗಳ ಗಂಟನ್ನು ಎಣಿಸುತ್ತಾ ಮುಂದೆ ಹೋಗಿ, ಒಂದು ಹೊನ್ನೆಯಲ್ಲೂ ಇದೆ ಎಂದು ಕೂಗಿ ಹೇಳಿದರು. ನೆತ್ತಿಯಿಂದ ನೋಡಿದಾಗ ಕೆಳಗಿನ ಬಯಲಿನಲ್ಲಿ ಗದ್ದೆಯ ಏರಿಗಳು, ದಾರಿ, ಹಳ್ಳದ ತಿರುವು ಎಲ್ಲ ನಕ್ಷೆ ಬಿಡಿಸಿದಂತೆ ಕಂಡವು. ಬಿಳಿ ಪಂಚೆಯ ಚುಕ್ಕೆಯ ಕೆಳಗೆ ಮೂವರು. ಆಮೇಲೆ ತಿಳಿಯಿತು, ಅಜ್ಜಿ ಆಗ ಕೋಲಿನಿಂದ ಮಣ್ಣಿನ ಮೇಲೆ ಕೇರಿಯನ್ನು ಬರೆದು ತೋರಿಸುತ್ತಿದ್ದರು. ಹದಿನಾಲ್ಕು ಮನೆ, ಯಾರದ್ದು ಎಲ್ಲಿ ಎಂದು. ಮೊಮ್ಮಗಳು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡಳು. ಅಂಬಿಗನಿಗೆ ಅವರು ಇನ್ನೊಂದು ವಿದ್ಯೆ ಹೇಳಿಕೊಟ್ಟಿದ್ದರು. ಕೇರಿಯ ದಣಪೆಯಲ್ಲಿ ನಿಂತರೆ ಬೆಟ್ಟದ ಬೆನ್ನಿನ ಬಾಗು ಮತ್ತು ಆಚೆಯ ದೊಡ್ಡ ಬಂಡೆ ಒಂದೇ ಸಾಲಿಗೆ ಬರುತ್ತವೆ. ಎಡಕ್ಕೆ ತಿರುಗಿದರೆ ಕಣಿವೆಯ ಕುಳಿ ನೇರ ಎದುರಿಗೆ. ಚಿಕ್ಕಂದಿನಲ್ಲಿ ಮಂಜಿನ ಬೆಳಗಿನಲ್ಲಿ ದನ ಹುಡುಕಲು ಹೋದವರು ದಾರಿ ಕಂಡುಕೊಳ್ಳುತ್ತಿದ್ದದ್ದು ಹಾಗೆಯೇ.

ಹನ್ನೆರಡೂವರೆಗೆ ದಡದಲ್ಲಿದ್ದೆವು. ಊಟಕ್ಕೆ ಹಿನ್ನೀರಿನ ಆಚೆಯ ಮನೆಯೊಂದರಿಂದ ಬಂದ ಅನ್ನ, ತಂಬುಳಿ, ಅಪ್ಪೆಹುಳಿ. ಅಜ್ಜಿ ಅಪ್ಪೆಹುಳಿಯನ್ನು ಎರಡು ಸಲ ಹಾಕಿಸಿಕೊಂಡರು. ಏನೂ ಹೇಳಲಿಲ್ಲ.

ಆಮೇಲೆ ಬದಲಾದದ್ದು

ಮಾರನೆಯ ದಿನ ಪ್ರಕಟಣೆಯಿಂದ ಆ ಸಾಲನ್ನೂ ‘ಮೌನ ದ್ವೀಪ’ ಎಂಬ ಹೆಸರನ್ನೂ ತೆಗೆದೆ. ನಿಜವಾದ ಹೆಸರನ್ನು ಹಾಕಲು ಅಜ್ಜಿಯ ಅನುಮತಿ ಕೇಳಿದೆ. ಬರುವವರಿಗೆ ಬಾಯಿಂದ ಹೇಳಿ, ಬರೆದು ಹಾಕಬೇಡಿ ಎಂದರು. ನೀರು ಇಳಿದ ವರ್ಷ ಮುಳುಗಡೆ ಊರುಗಳಿಗೆ ಬಂದು ನಾಗರಕಲ್ಲು, ವೀರಗಲ್ಲು, ಒರಳನ್ನು ಸಹ ಹೊತ್ತೊಯ್ಯುವವರನ್ನು ನಾನೇ ನೋಡಿದ್ದೇನೆ. ಹಾಗಾಗಿ ಹೆಸರು ದೋಣಿಯಲ್ಲಿ ಕುಳಿತವರಿಗೆ ಮಾತ್ರ ಸಿಗುತ್ತದೆ.

ಅರ್ಜಿಯಲ್ಲಿ ಈಗ ಒಂದು ಪ್ರಶ್ನೆ ಸೇರಿದೆ: ನಿಮಗಾಗಲಿ ನಿಮ್ಮ ಹಿರಿಯರಿಗಾಗಲಿ ಮುಳುಗಡೆಯ ಊರುಗಳ ನಂಟು ಇದೆಯೇ? ಇದೆ ಎಂದು ಬರೆಯುವವರು ನಾನು ಎಣಿಸಿದ್ದಕ್ಕಿಂತ ಹೆಚ್ಚು. ಅಂಥವರಿಗೆ ಬೇಸಿಗೆಯ ಪ್ರತಿ ಗುಂಪಿನಲ್ಲೂ ಒಂದು ಜಾಗವನ್ನು ಹಣ ಪಡೆಯದೆ ಇಡುತ್ತೇನೆ. ನೀರಿನ ಮಟ್ಟದ ವಿಷಯದಲ್ಲೂ ಪಾಠ ಕಲಿತಿದ್ದೇನೆ. ಅಂಬಿಗ ಮೂರು ದಿನ ಮೊದಲು ದಡದ ಚಿತ್ರ ಕಳಿಸುತ್ತಾನೆ, ಅದು ಆ ದಿನವೇ ಗುಂಪಿನವರ ಕೈಗೆ ಹೋಗುತ್ತದೆ.

ಸಂಖ್ಯೆ ಎಂಟೇ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಆಚೆ ದಡದ ಕರೂರು, ತುಮರಿ ಕಡೆಯ ಜನ ಲಾಂಚಿಗಾಗಿ ಕಾಯುತ್ತಾ ಕಳೆದ ದಶಕಗಳನ್ನು ಬಲ್ಲವರಿಗೆ ಆ ಸೇತುವೆಯ ಬೆಲೆ ಗೊತ್ತು. ಅದು ಅವರಿಗೆ ಎಂದೋ ಸಲ್ಲಬೇಕಾಗಿದ್ದದ್ದು. ಅದರ ಜೊತೆಗೆ ವಾಹನಗಳೂ ಹೆಚ್ಚಿದವು. ಐವತ್ತು ಮಂದಿಯ ಬಸ್ಸು ತರುತ್ತೇವೆ, ದ್ವೀಪ ತೋರಿಸುತ್ತೀರಾ ಎಂದು ಕೇಳುವವರು ಈಗ ವಾರಕ್ಕೊಬ್ಬರು. ಆಗುವುದಿಲ್ಲ ಎನ್ನುತ್ತೇನೆ. ಆ ದಣಪೆಯ ಬಳಿ ಐವತ್ತು ಮಂದಿ ನಿಂತದ್ದನ್ನು ನನಗೆ ಊಹಿಸಲು ಸಾಧ್ಯವಿಲ್ಲ.

ಒಂದು ಪ್ರಶ್ನೆ ಬಹುದಿನ ಕಾಡಿತು: ಇದನ್ನು ತೋರಿಸಿ ಹಣ ಪಡೆಯುವುದು ಸರಿಯೇ? ಅಜ್ಜಿಯನ್ನೇ ಕೇಳಿದೆ. “ನೀವು ತೋರಿಸದಿದ್ದರೆ ಜನ ನೀರು ನೋಡಿ ಹೋಗುತ್ತಾರೆ,” ಎಂದರು. “ಕರೆದುಕೊಂಡು ಬನ್ನಿ. ಆದರೆ ಗೊತ್ತಿದ್ದು ಕರೆದುಕೊಂಡು ಬನ್ನಿ.” ಮೊಮ್ಮಗಳು ಕೇರಿಯ ನಕ್ಷೆಯ ಒಂದು ಪ್ರತಿಯನ್ನು ಕಳಿಸಿದಳು. ಅದು ದೋಣಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುತ್ತದೆ.

2024ರ ಮಳೆಗಾಲ ಚೆನ್ನಾಗಿ ಸುರಿದು ಹಿನ್ನೀರು ಮತ್ತೆ ಕಾಡಿನ ಅಂಚಿಗೆ ಬಂತು. ಮರುವರ್ಷದ ಮೇ ತಿಂಗಳಲ್ಲೂ ನೀರು ಅಷ್ಟು ಇಳಿಯಲಿಲ್ಲ, ಗುಡ್ಡ ದ್ವೀಪವಾಗಿಯೇ ಉಳಿಯಿತು. ಕೇರಿ ಕಾಣುವುದಿಲ್ಲ ಎಂದು ಮೊದಲೇ ಹೇಳಿದ್ದರೂ ಅಜ್ಜಿ ಬಂದರು. ಮಂಡಿನೋವು ಹೆಚ್ಚಾಗಿತ್ತು. ಇಬ್ಬರು ಕೈಹಿಡಿದು ದೋಣಿಯ ನಡುವಿನ ಹಲಗೆಯ ಮೇಲೆ ಕೂರಿಸಿದೆವು. ಅಂಬಿಗ ಎಂಜಿನ್ ನಿಲ್ಲಿಸಿ, ಬೆಟ್ಟದ ಬಾಗು ಆಚೆಯ ಬಂಡೆಯ ಸಾಲಿಗೆ ಬರುವವರೆಗೆ ಹುಟ್ಟು ಹಾಕಿದ. ಎಡಕ್ಕೆ ಕಣಿವೆಯ ಕುಳಿ ಎದುರಾಯಿತು. ಗಳ ಇಳಿಸಿದ, ಮಣ್ಣು. ಸ್ವಲ್ಪ ಮುಂದೆ ಸರಿಸಿ ಮತ್ತೆ ಇಳಿಸಿದ, ಮಣ್ಣು. ಮೂರನೆಯ ಸಲ ಆಳಕ್ಕೆ ಹೋಗುವ ಮೊದಲೇ ಗಳ ಟಕ್ ಎಂದು ನಿಂತಿತು. ಅಜ್ಜಿ ಕೈ ಚಾಚಿ ಗಳವನ್ನು ಇಸಿದುಕೊಂಡು ತಾವೇ ಮೆಲ್ಲಗೆ ಒಮ್ಮೆ ಕುಟ್ಟಿ ನೋಡಿದರು.

“ಎಡಗಡೆಯದು,” ಎಂದರು.